ಭರಣಿಯೇನೋ ಸರಿ, ಒಳಗಿನ ಕುಂಕುಮ?

ಚನ್ನಪಟ್ಟಣದ ಕುಂಕುಮ ಭರಣಿ ನಿಮ್ಮ ಮನೆಯಲ್ಲೂ ಇರಬಹುದು. ಲೇತ್‌ನಲ್ಲಿ ತಿರುಗುವ ಆಲೆಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಹಳೆಯ ಪದ್ಧತಿಯಲ್ಲಿ ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡ. ಮಗು ಬಾಯಿಗಿಟ್ಟರೂ ಭಯವಿಲ್ಲ.

ಒಳಗಿನ ಕುಂಕುಮದ ಬಗ್ಗೆ ಅಷ್ಟು ಧೈರ್ಯ ಹೇಳಲಾಗದು. ಕೆಂಪೇರಲೆಂದು ಸಿಂಧೂರಕ್ಕೆ ಸೀಸದ ಆಕ್ಸೈಡ್ ಬೆರೆಸುವುದುಂಟು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದವರು ನ್ಯೂಜೆರ್ಸಿ, ಮುಂಬಯಿ, ದೆಹಲಿಗಳ ಅಂಗಡಿಗಳಿಂದ ತಂದ 118 ಸಿಂಧೂರದ ಮಾದರಿಗಳನ್ನು ಪರೀಕ್ಷಿಸಿದರು. 2017ರ ಅವರ ವರದಿಯಂತೆ ಮುಕ್ಕಾಲು ಪಾಲಿಗೂ ಹೆಚ್ಚಿನವುಗಳಲ್ಲಿ ಸೀಸವಿತ್ತು! ಹಣೆಗಿಂತ ಬೆರಳೇ ಇಲ್ಲಿ ಅಪಾಯ. ಅದಕ್ಕೆ ಅಂಟಿದ್ದು ಬಾಯಿಗೆ ಹೋಗುತ್ತದೆ. ಎಳೆಯರ ಮಿದುಳಿಗೆ ಸೀಸ ಸ್ವಲ್ಪವಾದರೂ ಕೇಡೇ.

ಸ್ಟಿಕರ್ ಬೊಟ್ಟು ವಾಸಿಯೇ? ಅದರ ಅಂಟಿನ ಬ್ಯುಟೈಲ್‌ಫೀನಾಲ್ ಕೆಲವರ ಹಣೆಯಲ್ಲಿ ಬಿಳಿ ಕಲೆ ಬಿಡುತ್ತದೆ. ತುರಿಕೆ ಕಂಡೊಡನೆ ತೆಗೆದುಬಿಡಿ.

ಮಕ್ಕಳೇ, ಆರತಿ ತಟ್ಟೆಯ ಓಕುಳಿ ನೋಡಿದ್ದೀರಲ್ಲ? ಅಮ್ಮನ ಕೈಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿಸಿ: ಕೆಂಪು. ನಿಂಬೆ ಹಿಂಡಿ: ಮತ್ತೆ ಹಳದಿ. ಅಜ್ಜಿಯರ ಕುಂಕುಮಕ್ಕೂ ಅರಿಶಿನವೇ ಮೂಲ. ಆದರೆ ಈ ಆಟ ಸೀಸವನ್ನು ಹಿಡಿದುಕೊಡದು, ಅದಕ್ಕೆ ಪ್ರಯೋಗಾಲಯವೇ ಬೇಕು.

ಮನೆಯಲ್ಲೇ ಕುಂಕುಮ ಮಾಡುವವರು ಅರಿಶಿನದ ಪುಡಿ ಕೊಳ್ಳದೆ ಕೊಂಬು ತಂದು ಕುಟ್ಟಿಕೊಳ್ಳಲಿ. ಅದೂ ಥಳಥಳಿಸುವ ಕೊಂಬು ಬೇಡ. ಹೊಳಪಿಗಾಗಿ ಸೀಸದ ಕ್ರೋಮೇಟ್ ಬಳಿದದ್ದುಂಟು; ಮಾಸಲಾದದ್ದನ್ನೇ ಆರಿಸಿ.