ತಲೆಮರೆಸಿಕೊಂಡ ರಕ್ತಸಾಕ್ಷಿ

ಸೆಪ್ಟೆಂಬರ್ 16ರಂದು ನಾವು ಸಂತ ಕೊರ್ನೇಲಿಯಸ್ಸರೊಡನೆ ಸ್ಮರಿಸುವ ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯನ್ನರ ಬಾಳಿನಲ್ಲಿ, ಪ್ರಬೋಧನೆಯ ವೇಳೆ ನಾವು ಸಾಮಾನ್ಯವಾಗಿ ಮುಟ್ಟದೆ ಬಿಡುವ ಒಂದು ಸಂಗತಿಯಿದೆ. ಕ್ರಿ.ಶ. 250ರಲ್ಲಿ, ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿಯರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂಬ ಡೆಸಿಯಸ್ ಚಕ್ರವರ್ತಿಯ ಆಜ್ಞೆ ಜಾರಿಯಾದಾಗ ಅವರು ನಗರ ತೊರೆದು ತಲೆಮರೆಸಿಕೊಂಡರು. ಅದೇ ವರ್ಷದ ಜನವರಿಯಲ್ಲಿ ರೋಮಿನ ಧರ್ಮಾಧ್ಯಕ್ಷ ಫೇಬಿಯನ್ನರು ಪ್ರಾಣತೆತ್ತಿದ್ದರು. ಹೋಲಿಕೆ ತಪ್ಪಲಿಲ್ಲ. ರೋಮಿನ ಯಾಜಕವರ್ಗ ಕಾರ್ಥೇಜಿಗೆ ಬರೆದ ಪತ್ರವು ತೋಳ ಕಂಡು ಓಡುವ ಕೂಲಿಯಾಳಿನ ಮಾತನ್ನು ನೆನಪಿಸಿತು.

ಒಂದೂರಿನಲ್ಲಿ ಹಿಂಸಿಸಿದರೆ ಮತ್ತೊಂದಕ್ಕೆ ಓಡಿಹೋಗಿರೆಂಬುದು ಪ್ರಭುವಿನದೇ ಆಜ್ಞೆ (ಮತ್ತಾಯ 10:23). ರಕ್ತಸಾಕ್ಷಿತ್ವ ದೇವರು ಕೊಡುವ ವರ. ನಾವಾಗಿ ಕಿತ್ತುಕೊಳ್ಳುವ ಕಿರೀಟವಲ್ಲ. ಆದರೆ ಇದೇ ವಾಕ್ಯ ಹೇಡಿಗೂ ಆಸರೆಯಾಗಬಲ್ಲದು! ಆದ್ದರಿಂದ ಸಿಪ್ರಿಯನ್ನರು ಅಡಗಿದ್ದಾಗ ಏನು ಮಾಡಿದರೆಂಬುದನ್ನೇ ನಾವು ನೋಡಬೇಕು. ಸೆರೆಯಲ್ಲಿದ್ದವರಿಗೂ ಬಡವರಿಗೂ ನೆರವು ತಲುಪಿಸಿದರು. ಪತ್ರಗಳ ಮೂಲಕವೇ ಧರ್ಮಸಭೆಯನ್ನು ನಡೆಸಿದರು.

ಬಲಿಯರ್ಪಿಸಿ ಬಿದ್ದವರ ವಿಷಯ ಇನ್ನೂ ಜಟಿಲ. ಅವರಲ್ಲಿ ಯಾಜಕರೂ ಇದ್ದರು. ಸೆರೆಯಲ್ಲಿದ್ದ ವಿಶ್ವಾಸವೀರರು ಇವರಿಗಾಗಿ ಧಾರಾಳವಾಗಿ ಕ್ಷಮೆಯ ಪತ್ರಗಳನ್ನು ಬರೆದುಕೊಟ್ಟಾಗ ಸಿಪ್ರಿಯನ್ನರು ಆತುರ ಬೇಡವೆಂದರು. 251ರ ಕಾರ್ಥೇಜ್ ಸಭೆಯು ಹಣತೆತ್ತು ಪ್ರಮಾಣಪತ್ರ ಮಾತ್ರ ಪಡೆದವರನ್ನು ವಿಚಾರಿಸಿ ಸ್ವೀಕರಿಸಿತು. ನಿಜವಾಗಿ ಬಲಿಯರ್ಪಿಸಿದವರು ಮರಣಶಯ್ಯೆಯವರೆಗೆ ಪ್ರಾಯಶ್ಚಿತ್ತದಲ್ಲೇ ಇರಬೇಕಾಯಿತು. ಆದರೆ ಮುಂದೆ ಮತ್ತೊಂದು ಹಿಂಸೆಯ ಭೀತಿ ಎದುರಾದಾಗ ಅದೇ ಸಿಪ್ರಿಯನ್ನರು ಮತ್ತು ಸಹ-ಧರ್ಮಾಧ್ಯಕ್ಷರು ಪಶ್ಚಾತ್ತಾಪಿಗಳೆಲ್ಲರಿಗೂ ಬಾಗಿಲು ತೆರೆದರು. ಕ್ರಿಸ್ತರ ರಕ್ತವನ್ನು ನಿರಾಕರಿಸಿ, ಕ್ರಿಸ್ತರಿಗಾಗಿ ರಕ್ತ ಸುರಿಸಿರೆಂದು ಕೇಳುವುದೆಂತು ಎಂಬುದು ಅವರ ತರ್ಕ. ಶಿಸ್ತನ್ನು ಸಡಿಲಿಸಿದರೆಂದು ಇದನ್ನು ಓದುವವರಿದ್ದಾರೆ, ನಾವು ಒಪ್ಪುವುದಿಲ್ಲ. ಪರಮಪ್ರಸಾದವು ಗೆದ್ದವರ ಬಹುಮಾನವಾಗಿರದೆ ಕಾದಾಡಬೇಕಾದವರ ಆಹಾರವೂ ಆಗಿದೆಯೆಂಬ ಅರಿವು ಇಲ್ಲಿ ಸ್ಪಷ್ಟಗೊಂಡಿತು. ಪಾಪನಿವೇದನೆಯ ಪೀಠದಲ್ಲಿ ಕೂರಲಿರುವವರು ಇದನ್ನು ಬಿಡುವಾಗಿ ಧ್ಯಾನಿಸಬೇಕು.

258ರಲ್ಲಿ, ವಲೇರಿಯನ್ನನ ಕಾಲದಲ್ಲಿ, ಸಿಪ್ರಿಯನ್ನರು ಮತ್ತೊಮ್ಮೆ ಅಡಗಿದರು. ಪ್ರಾಂತಾಧಿಕಾರಿಯ ಭಟರು ಅವರನ್ನು ಯೂಟಿಕಾ ನಗರಕ್ಕೆ ಒಯ್ಯಲಿದ್ದರು. ಧರ್ಮಾಧ್ಯಕ್ಷನು ತನ್ನ ಜನರ ನಡುವೆಯೇ ಸಾಕ್ಷಿ ನುಡಿದು ಸಾಯಬೇಕೆಂದು ಅವರು ಪತ್ರ ಬರೆದರು. ಅಧಿಕಾರಿ ಕಾರ್ಥೇಜಿಗೆ ಮರಳಿದ ಮೇಲೆ ತಮ್ಮ ತೋಟಕ್ಕೆ ಬಂದು ಬಂಧಿತರಾದರು. ಸೆಪ್ಟೆಂಬರ್ 14ರಂದು ಶಿರಚ್ಛೇದಕನಿಗೆ 25 ಚಿನ್ನದ ನಾಣ್ಯ ಕೊಡುವಂತೆ ತಮ್ಮವರಿಗೆ ಹೇಳಿ, ತಮ್ಮ ಕಣ್ಣಿಗೆ ತಾವೇ ಬಟ್ಟೆ ಕಟ್ಟಿಕೊಂಡರು. ಉಳಿದ ಗಂಟನ್ನು ಅವರ ಯಾಜಕವರ್ಗದವರೇ ಬಿಗಿದರು.