ಕಣ್ಣಪ್ಪನ ಕಣ್ಣುಗಳು

1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ ಚಿತ್ರವು ಕನ್ನಡ ನಾಡಿಗೆ ಒಬ್ಬ ಹೊಸ ನಟನನ್ನು ಪರಿಚಯಿಸಿತು. ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದ ಆ ಚಿತ್ರದಲ್ಲಿ ನಾಯಕನ ಪಾತ್ರ ವಹಿಸಿದವರು ಮುತ್ತುರಾಜ ಎಂಬ ರಂಗಭೂಮಿಯ ಕಲಾವಿದರು. ಅವರಿಗೆ ‘ರಾಜ್‌ಕುಮಾರ್’ ಎಂಬ ಹೆಸರು ಬಂದುದು ಆ ಚಿತ್ರದಿಂದಲೇ. ಕಣ್ಣಪ್ಪನ ಕಥೆ ನಮ್ಮ ನಾಡಿನಲ್ಲಿ ಎಲ್ಲರಿಗೂ ತಿಳಿದುದೇ ಆಗಿದೆ. ಶಿವಲಿಂಗದ ಕಣ್ಣಿನಿಂದ ನೆತ್ತರು ಸುರಿಯುವುದನ್ನು ಕಂಡ ಬೇಡನು ತನ್ನ ಒಂದು ಕಣ್ಣನ್ನು ಕಿತ್ತು ಅಲ್ಲಿ ಇಡುತ್ತಾನೆ. ಮತ್ತೊಂದು ಕಣ್ಣಿನಲ್ಲಿಯೂ ನೆತ್ತರು ಕಂಡಾಗ, ಎರಡನ್ನೂ ಕಳೆದುಕೊಂಡ ಮೇಲೆ ಸ್ಥಳ ತಿಳಿಯಲಾರದೆಂದು ಕಾಲಿನಿಂದ ಗುರುತು ಹಿಡಿದು, ಉಳಿದ ಕಣ್ಣಿಗೂ ಕೈಯಿಕ್ಕುತ್ತಾನೆ. ಪುರಾಣದ ಕಣ್ಣಪ್ಪ ದೇವರಿಗಾಗಿ ಮಾಡಿದುದನ್ನು, ಆ ಪಾತ್ರ ಮಾಡಿದ ನಟರು ಐವತ್ತೆರಡು ವರ್ಷಗಳ ಅನಂತರ ಮನುಷ್ಯರಿಗಾಗಿ ಮಾಡಿದರು.

ರಾಜ್‌ಕುಮಾರ್ ಜನಿಸಿದ್ದು 1929ರ ಏಪ್ರಿಲ್ 24ರಂದು, ಗಾಜನೂರಿನಲ್ಲಿ. ಈ ಊರು ಇಂದು ತಮಿಳುನಾಡಿಗೆ ಸೇರಿದೆ. ಅಂಕಲಿ, ನಿಪ್ಪಾಣಿಗಳ ಮಕ್ಕಳಿಗೆ ಗಡಿಯೂರಿನ ಬಾಳು ಹೊಸದಲ್ಲ. ನಾಡಿನ ಉತ್ತರದ ಗಡಿಯಲ್ಲಿ ಇವರಿರುವಂತೆಯೇ ಅವರು ದಕ್ಷಿಣದ ಗಡಿಯವರು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ನಾಟಕದ ನಟರು, ತಾಯಿ ಲಕ್ಷ್ಮಮ್ಮನವರು. ಬಡತನದ ಕಾರಣ ಬಾಲಕನಿಗೆ ಪ್ರಾಥಮಿಕ ಶಾಲೆಯನ್ನೂ ಪೂರೈಸಲಾಗಲಿಲ್ಲ. ಗುಬ್ಬಿ ವೀರಣ್ಣನವರ ನಾಟಕ ಮಂಡಲಿಯೇ ಅವರ ಪಾಠಶಾಲೆಯಾಯಿತು. ಶುದ್ಧವಾದ ಉಚ್ಚಾರಣೆ, ಸಂಗೀತ, ಮೈಯ ಹದ, ಎಲ್ಲವನ್ನೂ ಅವರು ರಂಗದ ಮೇಲೆಯೇ ಕಲಿತರು. ಮುಂದೆ ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, 1983ರಲ್ಲಿ ಪದ್ಮಭೂಷಣ, 1992ರಲ್ಲಿ ಕರ್ನಾಟಕ ರತ್ನ, 1995ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದವು. ಗೋಕಾಕ್ ವರದಿಯ ಜಾರಿಗಾಗಿ ನಡೆದ ಚಳವಳಿಗೆ 1982ರಲ್ಲಿ ಅವರು ಧುಮುಕಿದ ಮೇಲೆ, ವಿದ್ವಾಂಸರ ವಾದವಾಗಿದ್ದುದು ಜನಸಾಮಾನ್ಯರ ಕೂಗಾಯಿತು.

ವ್ಯಾಪಾರದ ಜಾಹೀರಾತುಗಳಿಂದ ದೂರವಿದ್ದ ಅವರು ರೈತರ ಸಹಕಾರಿ ಒಕ್ಕೂಟದ ‘ನಂದಿನಿ’ ಹಾಲಿಗಾಗಿ ಮಾತ್ರ ಬಿಡಿಗಾಸೂ ಪಡೆಯದೆ ಕಾಣಿಸಿಕೊಂಡರು. ಆದರೆ ಅವರ ಎಲ್ಲ ಉಪಕಾರಗಳಲ್ಲಿ ಹೆಚ್ಚು ಕಾಲ ಫಲ ಕೊಡುತ್ತಿರುವುದು ನೇತ್ರದಾನವೇ. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನ ನೇತ್ರಭಂಡಾರ ಪ್ರಾರಂಭವಾಯಿತು. ಡಾ. ಭುಜಂಗಶೆಟ್ಟಿಯವರು ಸ್ಥಾಪಿಸಿದ ಆಸ್ಪತ್ರೆ ಅದು. ಅಲ್ಲಿ ರಾಜ್‌ಕುಮಾರ್ ತಮ್ಮ ಕಣ್ಣುಗಳನ್ನಷ್ಟೇ ಅಲ್ಲದೆ ತಮ್ಮ ಕುಟುಂಬದವರೆಲ್ಲರ ಕಣ್ಣುಗಳನ್ನೂ ದಾನಮಾಡುವುದಾಗಿ ವಾಗ್ದಾನವಿತ್ತರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನೇತ್ರದಾನವೆಂದರೆ ಇಡೀ ಕಣ್ಣನ್ನು ಮತ್ತೊಬ್ಬರಿಗೆ ಜೋಡಿಸುವುದೆಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. ಕಣ್ಣಿನ ಮುಂಭಾಗದಲ್ಲಿ, ಗಡಿಯಾರದ ಗಾಜಿನಂತೆ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪಾರದರ್ಶಕ ಪೊರೆಯೊಂದಿದೆ. ಇದಕ್ಕೆ ಕಾರ್ನಿಯ ಎಂದು ಹೆಸರು. ಇದರಲ್ಲಿ ರಕ್ತನಾಳಗಳಿಲ್ಲ, ಬೇಕಾದ ಆಮ್ಲಜನಕವನ್ನು ಇದು ಹೆಚ್ಚಾಗಿ ಕಣ್ಣೀರಿನ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ಆದ್ದರಿಂದಲೇ ಇದು ಸ್ವಚ್ಛವಾಗಿರುತ್ತದೆ. ಆದ್ದರಿಂದಲೇ ಇದನ್ನು ಜೋಡಿಸುವಾಗ ರಕ್ತದ ಗುಂಪು ಹೊಂದಿಕೆಯಾಗಬೇಕೆಂಬ ನಿರ್ಬಂಧ ಸಾಮಾನ್ಯವಾಗಿ ಇರುವುದಿಲ್ಲ. ಹೊಲದಲ್ಲಿ ಕಬ್ಬಿನ ಗರಿ ತಾಗಿ ಹುಣ್ಣಾದರೆ, ಸುಣ್ಣ ಸಿಡಿದರೆ, ಪಟಾಕಿ ತಗುಲಿದರೆ ಈ ಪೊರೆ ಬೆಳ್ಳಗಾಗುತ್ತದೆ. ಒಳಗಿನ ಕಣ್ಣು ಸರಿಯಾಗಿದ್ದರೂ ಬೆಳಕು ಒಳಹೋಗದು. ಅಂಥವರಿಗೆ ಈ ದಾನದಿಂದ ದೃಷ್ಟಿ ಬರುತ್ತದೆ. ಕಣ್ಣಿನ ನರವೇ ಒಣಗಿದವರಿಗೆ ಇದರಿಂದ ಪ್ರಯೋಜನವಿಲ್ಲ.

ಮನುಷ್ಯನಿಂದ ಮನುಷ್ಯನಿಗೆ ಕಾರ್ನಿಯವನ್ನು ಜೋಡಿಸಿ ಮೊದಲು ಯಶಸ್ಸು ಪಡೆದವರು ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು. 1905ರ ಡಿಸೆಂಬರಿನಲ್ಲಿ, ಮೊರಾವಿಯದ ಓಲೊಮೌಟ್ಸ್ ಎಂಬ ಊರಿನಲ್ಲಿ ಈ ಶಸ್ತ್ರಚಿಕಿತ್ಸೆ ನಡೆಯಿತು. ರೋಗಿಯು ಸುಣ್ಣದಿಂದ ಕಣ್ಣು ಸುಟ್ಟುಕೊಂಡಿದ್ದ ಒಬ್ಬ ಕೂಲಿಕಾರ. ಗಾಯದ ಕಾರಣ ತೆಗೆಯಲೇಬೇಕಾಗಿ ಬಂದ ಒಬ್ಬ ಬಾಲಕನ ಕಣ್ಣಿನಿಂದ ಅವನಿಗೆ ಪೊರೆ ದೊರೆಯಿತು. ಮೃತರ ಕಣ್ಣುಗಳನ್ನು ಇದಕ್ಕೆ ಬಳಸುವ ಮಾರ್ಗವನ್ನು 1930ರ ದಶಕದಲ್ಲಿ ಒಡೆಸ್ಸಾದ ಫಿಲಾಟೊವ್ ವ್ಯಾಪಕಗೊಳಿಸಿದರು. ಭಾರತದಲ್ಲಿ ಮೊದಲ ನೇತ್ರಭಂಡಾರ 1945ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾಯಿತು.

ಮರಣಾನಂತರ ಸುಮಾರು ಆರು ಗಂಟೆಗಳೊಳಗೆ ಕಣ್ಣುಗಳನ್ನು ಪಡೆಯಬೇಕು. ಇದೇ ಎಲ್ಲಕ್ಕಿಂತ ಕಠಿಣವಾದ ನಿಯಮ. ಕೃಷ್ಣಾತೀರದ ಅಂಕಲಿಯಂಥ ಊರಿನಿಂದ ಬೆಳಗಾವಿಗೆ ಎರಡು ಗಂಟೆಗೂ ಮೀರಿದ ದಾರಿ. ಮೀರಜ್ ಇನ್ನೂ ಹತ್ತಿರ. ಸಾವಿನ ಮನೆಯಲ್ಲಿ ಅಳುವಿನ ನಡುವೆ ಒಬ್ಬರಾದರೂ ಎದ್ದು ದೂರವಾಣಿ ಮಾಡಿದರೆ ಕಾಲ ಸಾಕು. ಯಾರೂ ನೆನೆಯದಿದ್ದರೆ ಬರೆದಿಟ್ಟ ವಾಗ್ದಾನ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ. ಸಹಿಹಾಕಿದವರು ಅಗಲಿದ ಮೇಲೆ ಒಪ್ಪಿಗೆ ನೀಡಬೇಕಾದವರು ಮನೆಯವರು. ವೈದ್ಯರು ಬರುವವರೆಗೆ ರೆಪ್ಪೆಗಳನ್ನು ಮುಚ್ಚಿ, ಒದ್ದೆಯಾದ ಹತ್ತಿಯನ್ನಿಟ್ಟು, ಬೀಸಣಿಗೆಯನ್ನು ನಿಲ್ಲಿಸಿ, ತಲೆಯನ್ನು ತುಸು ಎತ್ತರದಲ್ಲಿರಿಸಬೇಕು. ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಮುಖ ವಿಕಾರವಾಗುವುದಿಲ್ಲ. ಕನ್ನಡಕ ಹಾಕಿಕೊಂಡವರೂ ಮುಪ್ಪಿನವರೂ ದಾನಮಾಡಬಹುದು. ರೇಬೀಸ್, ಏಡ್ಸ್ ಮುಂತಾದ ರೋಗಗಳಿಂದ ತೀರಿಕೊಂಡವರ ಕಣ್ಣುಗಳನ್ನು ಮಾತ್ರ ಸ್ವೀಕರಿಸುವುದಿಲ್ಲ. ಮುಂದಿನ ಜನ್ಮದಲ್ಲಿ ಕುರುಡರಾಗಿ ಹುಟ್ಟುತ್ತಾರೆಂಬ ಅಂಜಿಕೆ ಹಳ್ಳಿಗಳಲ್ಲಿ ಈಗಲೂ ಇದೆ. ಆ ಅಂಜಿಕೆಯನ್ನು ಕರಪತ್ರಗಳು ಕದಲಿಸಿದುದು ಕಡಿಮೆಯೇ ಎನ್ನಬೇಕು.

2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ಬೆಂಗಳೂರಿನ ತಮ್ಮ ಮನೆಯಲ್ಲಿ ಹಠಾತ್ತನೆ ನಿಧನರಾದರು. ನಗರದಲ್ಲಿ ದುಃಖವು ದೊಂಬಿಯಾಗಿ, ಕಲ್ಲು ತೂರಾಟ ನಡೆದು, ಜೀವಹಾನಿಯೂ ಸಂಭವಿಸಿತು. ತಮ್ಮನ್ನು ಪ್ರೀತಿಸುವವರನ್ನು ‘ಅಭಿಮಾನಿ ದೇವರುಗಳೇ’ ಎಂದು ಕರೆಯುತ್ತಿದ್ದವರ ಅಂತಿಮ ದಿನಕ್ಕೆ ಅದು ತಕ್ಕುದಾಗಿರಲಿಲ್ಲ. ಅಷ್ಟೆಲ್ಲ ಗದ್ದಲದ ನಡುವೆಯೂ ಮನೆಯವರು ಹನ್ನೆರಡು ವರ್ಷ ಹಿಂದಿನ ಮಾತನ್ನು ಮರೆಯಲಿಲ್ಲ. ಕಣ್ಣುಗಳು ನೇತ್ರಭಂಡಾರವನ್ನು ಸೇರಿ, ಇಬ್ಬರು ದೃಷ್ಟಿ ಪಡೆದರು.

2017ರಲ್ಲಿ ಪತ್ನಿ ಪಾರ್ವತಮ್ಮನವರು ತೀರಿಕೊಂಡಾಗ ಅವರ ಕಣ್ಣುಗಳನ್ನೂ ದಾನಮಾಡಲಾಯಿತು. 2021ರ ಅಕ್ಟೋಬರ್ 29ರಂದು ಕಿರಿಯ ಮಗ ಪುನೀತ್ ತಮ್ಮ 46ನೆಯ ವಯಸ್ಸಿನಲ್ಲಿ ಅಗಲಿದರು. 1988ರ ‘ಶಿವ ಮೆಚ್ಚಿದ ಕಣ್ಣಪ್ಪ’ ಚಿತ್ರದಲ್ಲಿ ಬಾಲಕ ಕಣ್ಣಪ್ಪನಾಗಿದ್ದವರು ಇವರೇ. ಅಷ್ಟು ಹೊತ್ತಿಗೆ ವೈದ್ಯವಿದ್ಯೆ ಮುಂದುವರಿದಿತ್ತು. ಒಂದೊಂದು ಕಾರ್ನಿಯವನ್ನೂ ಮೇಲ್ಪದರ, ಒಳಪದರಗಳೆಂದು ಸೀಳಿ, ಮೇಲ್ಪದರ ಕೆಟ್ಟಿದ್ದ ಇಬ್ಬರಿಗೂ ಒಳಪದರ ಕೆಟ್ಟಿದ್ದ ಇಬ್ಬರಿಗೂ ಜೋಡಿಸಲಾಯಿತು. ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು. ಮುಂದಿನ ದಿನಗಳಲ್ಲಿ ನೇತ್ರದಾನದ ಪತ್ರಕ್ಕೆ ಸಹಿಹಾಕಲು ನಾಡಿನ ಅನೇಕ ಊರುಗಳಲ್ಲಿ ಜನರು, ಅವರಲ್ಲಿಯೂ ತರುಣರು, ತಾವಾಗಿಯೇ ಮುಂದೆ ಬಂದರು.