ಯಂತ್ರವು ಕೂಗುವುದೇಕೆ?

ಗಾಜಿನ ನಾರನ್ನು ಹಾಸಿ ಮುಚ್ಚಿದ ಅಚ್ಚಿನೊಳಕ್ಕೆ ಪಾಲಿಯೆಸ್ಟರ್ ರೆಸಿನ್ ಎಂಬ ಕೃತಕ ರಾಳವನ್ನು ಒತ್ತಡದಿಂದ ತುಂಬಿ, ವಾಹನಗಳ ಹಾಗೂ ದೋಣಿಗಳ ಭಾಗಗಳನ್ನು ತಯಾರಿಸುವ ಯಂತ್ರಗಳುಂಟು. ಹೊಸೂರಿನಂತಹ ಕೈಗಾರಿಕಾ ಪಟ್ಟಣಗಳಲ್ಲಿ ದುಡಿಯುವ ನಮ್ಮ ತರುಣರಲ್ಲಿ ಕೆಲವರಿಗಾದರೂ ಇವುಗಳ ಪರಿಚಯವಿದ್ದೀತು. ಯಂತ್ರದ ಕೂಗನ್ನು ಕಿರಿಕಿರಿಯೆಂದು ಬಗೆದು, ಗುಂಡಿಯೊತ್ತಿ ಅಡಗಿಸುವ ಅಭ್ಯಾಸ ಮಾತ್ರ ಬಲು ಕೆಟ್ಟದ್ದು.

ಹಾಲಿಗೆ ಹೆಪ್ಪು ಹಾಕುವಂತೆ, ರಾಳವು ಗಟ್ಟಿಯಾಗಲು 100ಕ್ಕೆ 1ರಿಂದ 2 ಪಾಲಿನಷ್ಟು ಪೆರಾಕ್ಸೈಡನ್ನು ಬೆರೆಸಬೇಕು. ಆ ಸಣ್ಣ ಪಾಲಿನ ಕೊಳವೆ ಕಟ್ಟಿಕೊಂಡರೂ ರಾಳದ ಪಂಪು ನಡೆಯುತ್ತಲೇ ಇರಬಹುದು. ಅಚ್ಚು ತುಂಬುತ್ತದೆ, ಒಳಗಿನದು ಮಾತ್ರ ಹೆಪ್ಪುಗಟ್ಟದು. ಹೊರನೋಟಕ್ಕೆ ಏನೂ ತಿಳಿಯದು. ಆದ್ದರಿಂದಲೇ ಪೆರಾಕ್ಸೈಡಿನ ಹರಿವು ನಿಂತೊಡನೆ ಗಂಟೆ ಬಾರಿಸುವ ಏರ್ಪಾಡು.

ಇನ್ನೊಂದು ಎಚ್ಚರಿಕೆ ಕಾಲಕ್ಕೆ ಸಂಬಂಧಿಸಿದ್ದು. ಇವೆರಡೂ ಕೂಡುವ ಮೂತಿಯಲ್ಲಿ ಮಿಶ್ರಣವು ನಿಂತರೆ ತಾನೇ ಕಾದು ಕಲ್ಲಾಗುತ್ತದೆ. ಅದಕ್ಕೆ ಮುನ್ನವೇ ದ್ರಾವಕದಿಂದ ತೊಳೆಯಿರೆಂದು ಯಂತ್ರವು ನೆನಪಿಸುತ್ತದೆ. ಅಚ್ಚಿನ ಒತ್ತಡ ಮಿತಿ ಮೀರಿದರಂತೂ ಪಂಪನ್ನೇ ನಿಲ್ಲಿಸುವ ವ್ಯವಸ್ಥೆಯುಂಟು. ಇಲ್ಲವಾದರೆ ಅಚ್ಚು ಬಾಯಿಬಿಟ್ಟು ರಾಳ ಹೊರಚಿಮ್ಮೀತು.

ಯಾವ ಗಂಟೆಯೂ ಸಾರದ ಅಪಾಯವೊಂದಿದೆ. ರಾಳವನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣವನ್ನು ಪೆರಾಕ್ಸೈಡಿನೊಡನೆ ನೇರವಾಗಿ ಕೂಡಿಸಿದರೆ ಸ್ಫೋಟವಾಗಬಲ್ಲುದು. ಮೊದಲು ಕೋಬಾಲ್ಟನ್ನು ರಾಳದಲ್ಲಿ ಚೆನ್ನಾಗಿ ಕದಡಬೇಕು, ಅನಂತರವೇ ಪೆರಾಕ್ಸೈಡ್. ಅದರ ಹನಿಯೊಂದು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ರಕ್ಷಣೆಯ ಕನ್ನಡಕವಿಲ್ಲದೆ ಯಂತ್ರದ ಬಳಿ ಸುಳಿಯಲಾಗದು. ಸಿಡಿದದ್ದಾದರೆ ತಡಮಾಡದೆ, ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ಕಣ್ಣು ತೊಳೆದು, ಕೂಡಲೇ ವೈದ್ಯರನ್ನು ಕಾಣತಕ್ಕದ್ದು.